ಕಸೂತಿ ಬಲ್ಲ ಕೈಗೆ ಕಂಪ್ಯೂಟರ್ ಪರದೆ ದೂರವಲ್ಲ

ಸೊಲ್ಲಾಪುರ: ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಟ್ರಂಕು ತೆಗೆದರೆ ತಳದಲ್ಲಿ ಒಂದು ಇಳಕಲ್ ಸೀರೆ ಸಿಗುತ್ತದೆ. ಸೆರಗಿನ ಮೇಲೆ ತೇರು, ಗೋಪುರ, ಆನೆ ಅಂಬಾರಿ, ತುಳಸಿ ವೃಂದಾವನ. ಆಯಿ ಹರೆಯದಲ್ಲಿ ಕಟ್ಟೆಯ ಮೇಲೆ ಕೂತು ಹಾಕಿದ ಕಸೂತಿ ಅದು. ಈಗ ಮೊಮ್ಮಗಳು ಸೂಜಿ ದಾರ ಹಿಡಿದು ಅದನ್ನೇ ಕಲಿಯಲು ಕೂತರೆ ಮನೆಯಲ್ಲಿ ಕೇಳಿಬರುವ ಮಾತು ಒಂದೇ: "ಇದರಿಂದ ಹೊಟ್ಟಿ ತುಂಬತದೇನವಾ? ಕಂಪ್ಯೂಟರ್ ಕಲಿ ಹೋಗು."

ಸೂಜಿಯ ದಾರಿ ಬೇರೆ, ಕಂಪ್ಯೂಟರಿನ ದಾರಿ ಬೇರೆ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಕಂಪ್ಯೂಟರ್ ಪರದೆಯ ಮೇಲೆ ಕಾಣುವ ಪುಟ್ಟ ಚಿತ್ರಗಳ ಕತೆ ಕೇಳಿದರೆ ಆ ಮಾತು ಆಡಿದವರೂ ಒಮ್ಮೆ ಯೋಚಿಸುತ್ತಾರೆ. ಕಸದ ಬುಟ್ಟಿ, ಬಣ್ಣ ಸುರಿಯುವ ಬಕೆಟ್, ಕಾಯಲು ಹೇಳುವ ಕೈಗಡಿಯಾರ, ನಗುಮುಖದ ಕಂಪ್ಯೂಟರ್. 1983ರಲ್ಲಿ ಇವನ್ನು ಬಿಡಿಸಿದವರು ಎಂಜಿನಿಯರ್ ಅಲ್ಲ. ತಾಯಿಯ ಹತ್ತಿರ ಕೂತು ಎಳೆ ಎಣಿಸಿ ಹಾಕುವ ಕಸೂತಿ ಕಲಿತಿದ್ದ ಹೆಣ್ಣುಮಗಳು!

ಹಂದಿಯ ಶಿಲ್ಪದ ನಡುವೆ ಬಂದ ಫೋನು

ಹೆಸರು ಸೂಸನ್ ಕೇರ್. 1954ರಲ್ಲಿ ಅಮೆರಿಕದಲ್ಲಿ ಹುಟ್ಟಿದವರು. ಓದಿದ್ದು ಕಲೆ, 1978ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಕಲಾ ಸಂಗ್ರಹಾಲಯದಲ್ಲಿ ಕೆಲಸ. 1982ರಲ್ಲಿ ಅರ್ಕಾನ್ಸಾ ರಾಜ್ಯದ ಒಂದು ಸಂಗ್ರಹಾಲಯಕ್ಕಾಗಿ ಹಂದಿಯೊಂದರ ನಿಜ ಗಾತ್ರದ ಶಿಲ್ಪ ಮಾಡುತ್ತಿದ್ದರು. ಆಗ ಹೈಸ್ಕೂಲಿನ ಗೆಳೆಯ ಆ್ಯಂಡಿ ಹರ್ಟ್ಸ್‌ಫೆಲ್ಡ್ ಅವರ ಫೋನು ಬಂತು. ಆ್ಯಪಲ್ ಕಂಪನಿ 'ಮ್ಯಾಕಿಂಟಾಷ್' ಎಂಬ ಹೊಸ ಕಂಪ್ಯೂಟರ್ ತಯಾರಿಸುತ್ತಿತ್ತು. ಹರ್ಟ್ಸ್‌ಫೆಲ್ಡ್ ಅದರ ಪ್ರೋಗ್ರಾಂ ಬರೆಯುತ್ತಿದ್ದರು. ಪರದೆಗೆ ಚಿತ್ರಗಳು ಬೇಕಾಗಿದ್ದವು, ಬಿಡಿಸುವವರು ಇರಲಿಲ್ಲ.

ಕೇರ್ ಅವರಿಗೆ ಕಂಪ್ಯೂಟರಿನ ಗಂಧವೂ ಇರಲಿಲ್ಲ. ಗೆಳೆಯ ಹೇಳಿದ ಉಪಾಯ ಸರಳವಾಗಿತ್ತು: ಚೌಕಳಿ ಹಾಳೆಯ ಪುಸ್ತಕ ತಂದು ಮನೆಗಳನ್ನು ತುಂಬುತ್ತ ಹೋಗು. ಕೇರ್ ಎರಡೂವರೆ ಡಾಲರ್ ಕೊಟ್ಟು ಅಂಥ ಪುಸ್ತಕ ಕೊಂಡರು. ಅಡ್ಡ 32, ಉದ್ದ 32, ಒಟ್ಟು 1024 ಮನೆ. ಕೆಲವನ್ನು ಕಪ್ಪು ಮಾಡುವುದು, ಕೆಲವನ್ನು ಖಾಲಿ ಬಿಡುವುದು. ಅಷ್ಟರಲ್ಲೇ ನೋಡಿದವರಿಗೆ ಇದು ಕತ್ತರಿ, ಇದು ಬೆರಳು, ಇದು ಕಾಗದ ಎಂದು ತಿಳಿಯಬೇಕು.

ಹೊಸಬರಿಗೆ ಇದು ತಲೆನೋವಿನ ಕೆಲಸ. ಕೇರ್ ಅವರಿಗೆ ಹಾಗೆನಿಸಲಿಲ್ಲ. ಎಳೆ ಎಣಿಸುವ ಹೊಲಿಗೆ, ಬಣ್ಣದ ಚೂರು ಜೋಡಿಸುವ ಮೊಸಾಯಿಕ್ ಇವೆರಡೂ ಅವರಿಗೆ ಗೊತ್ತಿದ್ದವು. ಪರದೆಯ ಚುಕ್ಕೆಗಳೂ ಅದೇ ಜಾತಿಯವು ಎಂದು ಅವರು ಮುಂದೆ ಅನೇಕ ಸಲ ಹೇಳಿದ್ದಾರೆ. 1983ರ ಜನವರಿಯಲ್ಲಿ ಕೆಲಸಕ್ಕೆ ಸೇರಿದರು. 1984ರ ಜನವರಿ 24ರಂದು ಮ್ಯಾಕಿಂಟಾಷ್ ಹೊರಬಂದಾಗ ಅದರ ಚಿತ್ರಗಳೂ ಹಲವು ಅಕ್ಷರ ಮಾದರಿಗಳೂ ಅವರ ಕೈಯವೇ. 1990ರ ವಿಂಡೋಸ್ 3.0ರ ಜೊತೆ ಬಂದ ಸಾಲಿಟೇರ್ ಇಸ್ಪೀಟು ಆಟ ನೆನಪಿದೆಯೇ? ಆ ಎಲೆಗಳೂ ಅವರವೇ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವರ ರೇಖಾಚಿತ್ರಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿದೆ.

ಈಗ ನಮ್ಮ ಕಸೂತಿಗೆ ಬನ್ನಿ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿ ಇದರಲ್ಲಿಲ್ಲ. ಹಾಸು ಹೊಕ್ಕಿನ ಎಳೆ ಎಣಿಸುತ್ತಲೇ ತೇರು ಏಳಬೇಕು. ಗವಂತಿಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬಬೇಕು. ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು, ಗಂಟು ಕಾಣಬಾರದು. ಮುರ್ಗಿಯ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೆಂತ್ಯೆ, ನೇಗಿ ಹೊಲಿಗೆಗಳಿಗೂ ಅವುಗಳದ್ದೇ ಲೆಕ್ಕ. ಹಳೆಯ ಕಂಪ್ಯೂಟರಿನ ಪರದೆಯ ಮೇಲೆ ಓರೆ ಗೆರೆಯನ್ನು ಹತ್ತಿರದಿಂದ ನೋಡಿದವರು ಹೇಳಲಿ, ಅದು ಮುರ್ಗಿಯ ಮೆಟ್ಟಿಲಿಗಿಂತ ಏನು ಭಿನ್ನ?

ಚಂದ ಬಿಡಿಸಿದರೆ ಮುಗಿಯಿತೇ?

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕತೆ ಹೇಳಿದಂತೆ. ಕೈಯಲ್ಲಿ ಕಲೆ ಇದ್ದವರೆಲ್ಲ ಪರದೆಯ ಕೆಲಸಕ್ಕೆ ಒಗ್ಗುವುದಿಲ್ಲ. ಏಕೆಂದರೆ ಸೆರಗಿನ ತೇರನ್ನು ನೋಡಿ ಜನ ಮೆಚ್ಚಿದರೆ ಸಾಕು. ಪರದೆಯ ಚಿತ್ರವನ್ನು ನೋಡಿ ಜನ ಏನಾದರೂ ಮಾಡಬೇಕು, ಅದೂ ತಪ್ಪಿಲ್ಲದೆ.

ಕೇರ್ ಅವರೇ ಹೇಳುವ ಒಂದು ಪ್ರಸಂಗವಿದೆ. ಕಂಪ್ಯೂಟರ್ ಪೂರ್ತಿ ಕೈಕೊಟ್ಟಾಗ ತೋರಿಸಲು ಅವರು ಬತ್ತಿ ಹೊತ್ತಿದ ಬಾಂಬಿನ ಚಿತ್ರ ಬಿಡಿಸಿದ್ದರು. ಇದು ಯಾರ ಕಣ್ಣಿಗೂ ಬೀಳುವುದೇ ಇಲ್ಲ ಎಂದು ಪ್ರೋಗ್ರಾಂ ಬರೆಯುವವರು ನಂಬಿಸಿದ್ದರು. ಆದರೆ ಬಿತ್ತು! ಚಿತ್ರ ಕಂಡ ಒಬ್ಬ ಮಹಿಳೆ ಗಾಬರಿಯಾಗಿ ಕಂಪನಿಗೆ ಫೋನು ಮಾಡಿದರು: ಈ ಯಂತ್ರ ಸಿಡಿಯುತ್ತದೆಯೇ? ಒಳಗೆ ಕೂತವರಿಗೆ ತಮಾಷೆ, ಹೊರಗಿನವರಿಗೆ ಜೀವಭಯ.

ಅದೇ ಕಂಪನಿಯಲ್ಲಿ 1981ರಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. 'ಲೀಸಾ' ಎಂಬ ಕಂಪ್ಯೂಟರಿನ ತಯಾರಿ ನಡೆದಿತ್ತು. ಹೊರಗಿನ ಜನರನ್ನು ಕರೆಸಿ, ಅವರು ಹೇಗೆ ಬಳಸುತ್ತಾರೆಂದು ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಒಂದು ಗುಂಡಿಯ ಮೇಲೆ 'ಡು ಇಟ್', ಅಂದರೆ 'ಮಾಡು' ಎಂದು ಬರೆದಿತ್ತು. ಇಂಗ್ಲಿಷಿನ ದೊಡ್ಡ ಐ ಅಕ್ಷರವೂ ಚಿಕ್ಕ ಎಲ್ ಅಕ್ಷರವೂ ಪರದೆಯಲ್ಲಿ ಒಂದೇ ಥರದ ನೆಟ್ಟಗಿನ ಗೆರೆ. ಎರಡು ಪದಗಳ ನಡುವಿನ ಅಂತರವೂ ಕಡಿಮೆ. ಪರೀಕ್ಷೆಗೆ ಬಂದವರೊಬ್ಬರು ಅದನ್ನು 'ಡೋಲ್ಟ್' ಎಂದು ಓದಿದರು. ಆ ಪದದ ಅರ್ಥ ಪೆದ್ದ! ನನ್ನನ್ನೇಕೆ ಪೆದ್ದ ಅನ್ನುತ್ತದೆ ಈ ಯಂತ್ರ ಎಂದು ಅವರಿಗೆ ಸಿಟ್ಟು. ಗುಂಡಿಯ ಮೇಲಿನ ಪದ 'ಓಕೆ' ಎಂದು ಬದಲಾಯಿತು. ಇಂದು ನಾವು ದಿನಕ್ಕೆ ಹತ್ತು ಸಲ ಒತ್ತುವ ಓಕೆಯ ಹಿಂದೆ ಒಬ್ಬರ ಸಿಟ್ಟಿದೆ.

ಈ ಥರ ಜನ ಎಲ್ಲಿ ಎಡವುತ್ತಾರೆ, ಏಕೆ ಎಡವುತ್ತಾರೆ ಎಂದು ಕಂಡುಹಿಡಿದು ಸರಿಮಾಡುವ ಕೆಲಸಕ್ಕೇ ಈಗ ಯೂಸರ್ ಎಕ್ಸ್‌ಪೀರಿಯನ್ಸ್ ಡಿಸೈನ್ ಎನ್ನುತ್ತಾರೆ. ಚಿಕ್ಕದಾಗಿ ಯುಎಕ್ಸ್. ಕನ್ನಡದಲ್ಲಿ ಬಳಕೆದಾರರ ಅನುಭವದ ವಿನ್ಯಾಸ ಎನ್ನಬಹುದು. 1993ರಲ್ಲಿ ಆ್ಯಪಲ್ ಸೇರಿದ ಡಾನ್ ನಾರ್ಮನ್ ಎಂಬ ಮನಃಶಾಸ್ತ್ರಜ್ಞರು ತಮ್ಮ ಹುದ್ದೆಯ ಹೆಸರಿನಲ್ಲೇ ಈ ಪದ ಸೇರಿಸಿಕೊಂಡ ಮೇಲೆ ಅದು ಎಲ್ಲೆಡೆ ಹರಡಿತು.

ಹೆಸರು ಹೊಸದು, ವಿಚಾರ ನಮಗೆ ಹಳೆಯದು. 1951ರ ಜನಗಣತಿಯಂತೆ ದೇಶದಲ್ಲಿ ಓದು ಬರಹ ಬಲ್ಲವರು ನೂರಕ್ಕೆ 18 ಮಂದಿ. ಅಂಥ ದೇಶದಲ್ಲಿ 1951-52ರ ಮೊದಲ ಮಹಾಚುನಾವಣೆ ನಡೆಯಿತು. ಪ್ರತಿ ಅಭ್ಯರ್ಥಿಗೆ ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಜೋಡೆತ್ತಿನ ಚಿತ್ರ ನೋಡಿ ಓಟು ಹಾಕಿದ ನಮ್ಮ ಮುತ್ತಜ್ಜಿಗೆ ಯಾರೂ ಕಂಪ್ಯೂಟರ್ ಕಲಿಸಿರಲಿಲ್ಲ. ಅವಳಿಗೆ ಗೊತ್ತಿರುವ ವಸ್ತುವನ್ನೇ ಆರಿಸಿದ್ದರು, ಅಷ್ಟೇ.

"ಇದೇನು ವಿಭೂತಿ?"

ನಮ್ಮ ಮನೆಯ ಮಾತೇ ಹೇಳುತ್ತೇನೆ. ಅವ್ವನಿಗೆ ಸ್ಮಾರ್ಟ್‌ಫೋನ್ ಕೊಡಿಸಿದ ಹೊಸತು. ಮೂಲೆಯಲ್ಲಿ ಮೂರು ಅಡ್ಡ ಗೆರೆ ಇರುತ್ತವಲ್ಲ, ಒತ್ತಿದರೆ ಪಟ್ಟಿ ತೆರೆಯುತ್ತದೆ. "ಆ ಮೂರು ಗೆರಿ ಒತ್ತವಾ" ಅಂದೆ. ಅವ್ವ ಕನ್ನಡಕ ಏರಿಸಿ ನೋಡಿ, "ಇದೇನು, ವಿಭೂತಿ ಬಡದಾರಲ್ಲ!" ಅಂದಳು. ಎಲ್ಲರೂ ನಕ್ಕೆವು. ಸಿದ್ಧರಾಮೇಶ್ವರರ ಊರಿನಲ್ಲಿ ಮೂರು ಅಡ್ಡ ಗೆರೆ ಕಂಡವರಿಗೆ ಇನ್ನೇನು ನೆನಪಾಗಬೇಕು? ಆಮೇಲೆ ಯೋಚಿಸಿದರೆ ತಪ್ಪು ಅವ್ವನದಲ್ಲ. ಆ ಗೆರೆ ಎಳೆದವರಿಗೆ ನಮ್ಮ ಅವ್ವ ಗೊತ್ತಿರಲಿಲ್ಲ.

ಉಳಿಸು ಎನ್ನಲು ಫ್ಲಾಪಿ ಚಿತ್ರ ಹಾಕುತ್ತಾರೆ. ಫ್ಲಾಪಿಯನ್ನು ಆಯಿಯೂ ಕಂಡಿಲ್ಲ, ಮೊಮ್ಮಗಳೂ ಕಂಡಿಲ್ಲ. ಹುಡುಕು ಎನ್ನಲು ಭೂತಗನ್ನಡಿ. ಅದನ್ನು ಕೆಲವರು ಹಪ್ಪಳ ಕರಿಯುವ ಜಾರಿ ಎಂದುಕೊಂಡರೆ ಬೈಯಬಹುದೇ?

ಗಡಿಯಲ್ಲಿ ಇರುವ ನಮಗೆ ಇನ್ನೊಂದು ತೊಡಕಿದೆ. 'ಆಯಿ' ಎಂಬ ಒಂದೇ ಪದ ತೆಗೆದುಕೊಳ್ಳಿ. ನಮ್ಮ ಕನ್ನಡ ಮನೆಗಳಲ್ಲಿ ಆಯಿ ಅಂದರೆ ಅಜ್ಜಿ. ಪಕ್ಕದ ಮರಾಠಿ ಮನೆಯಲ್ಲಿ ಆಯಿ ಅಂದರೆ ತಾಯಿ. ಅರ್ಜಿಯ ಪರದೆಯಲ್ಲಿ 'ಆಯಿಯ ಹೆಸರು' ಎಂದಷ್ಟೇ ಇದ್ದರೆ ಯಾರ ಹೆಸರು ಬರೆಯಬೇಕು? ಊರಿನವರಿಗೆ ನಗುವಿನ ವಿಷಯ. ಆದರೆ ಒಂದು ಹೆಸರು ತಪ್ಪಿದ್ದಕ್ಕೆ ಅರ್ಜಿ ವಾಪಸ್ ಬಂದು, ಮತ್ತೆ ಬಸ್ಸು ಹತ್ತಿ ತಾಲ್ಲೂಕಿಗೆ ಹೋದವರಿಗೆ ನಗು ಬರುವುದಿಲ್ಲ.

ಇನ್ನು ಲಿಪಿ. ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರದ ಎಷ್ಟೋ ಮನೆಗಳಲ್ಲಿ ಒಂದೇ ಸೂರಿನಡಿ ಮೂರು ಥರದ ಓದುಗರು. ಅಜ್ಜ ಕನ್ನಡ ಶಾಲೆ ಕಲಿತವರು, ಕನ್ನಡವೇ ಓದಬೇಕು. ಅಪ್ಪ ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದುವುದು ಮರಾಠಿ. ಮಗಳು ಇಂಗ್ಲಿಷ್ ಮಾಧ್ಯಮ. ಆಯಿಗೆ ಯಾವ ಲಿಪಿಯೂ ಇಲ್ಲ, ಲೆಕ್ಕ ಮಾತ್ರ ಬಾಯಲ್ಲಿ. ಈ ನಾಲ್ವರ ಕೈಗೂ ಹೋಗುವುದು ಒಂದೇ ಫೋನು! 'ಭಾಷೆ ಆಯ್ಕೆಮಾಡಿ' ಎಂದು ಒಂದು ಗುಂಡಿ ಇಟ್ಟರೆ ಈ ಮನೆಗೆ ಸಾಲದು. ಕೇಳಿಸುವ ದನಿ ಬೇಕು, ಗುರುತಾಗುವ ಚಿತ್ರ ಬೇಕು, ಒಬ್ಬರು ಇನ್ನೊಬ್ಬರಿಗೆ ಓದಿ ಹೇಳುವಂತಿರಬೇಕು. ಸಂತೆಯಲ್ಲಿ ಕಾಯಿಪಲ್ಯೆ ಮಾರುವವರ ಮುಂದೆ 'ಇಷ್ಟು ರೂಪಾಯಿ ಬಂತು' ಎಂದು ಕೂಗುವ ಪುಟ್ಟ ಡಬ್ಬಿ ನೋಡಿದ್ದೀರಲ್ಲ? ಕೈಯಲ್ಲಿ ತಕ್ಕಡಿ, ಎದುರಿಗೆ ಗಿರಾಕಿ, ಪರದೆ ನೋಡಲು ಪುರುಸೊತ್ತಿಲ್ಲ. ಅದನ್ನು ಅರಿತು ಮಾಡಿದ ವಸ್ತು ಅದು. ಯುಎಕ್ಸ್ ಅಂದರೆ ಅದೇ.

ಬಾಲ ಕತ್ತರಿಸಿದ ಒತ್ತಕ್ಷರ

ಕನ್ನಡ ಓದಬಲ್ಲವರಿಗೂ ಪರದೆಯಲ್ಲಿ ಪಾಡಿದೆ. ಇಂಗ್ಲಿಷಿನ ಅಳತೆಗೆ ಗುಂಡಿ ಮಾಡಿ ಅದರೊಳಗೆ ಕನ್ನಡ ತುರುಕಿದರೆ ಮೊದಲು ಹೋಗುವುದು ಒತ್ತಕ್ಷರದ ಬಾಲ. 'ರಾಷ್ಟ್ರ' ಎಂಬಲ್ಲಿ ಎರಡು ಒತ್ತು ಕೆಳಗಿಳಿಯುತ್ತವೆ; ಗುಂಡಿಯ ಅಂಚು ಅವನ್ನು ಕತ್ತರಿಸುತ್ತದೆ. ಪದಗಳೂ ಉದ್ದ. ಇಂಗ್ಲಿಷಿನ ಮೂರಕ್ಷರದ ಜಾಗದಲ್ಲಿ 'ಮುಂದುವರಿಸಿ' ಹಿಡಿಸುವುದಿಲ್ಲ, ಕೊನೆಗೆ ಮೂರು ಚುಕ್ಕೆ ಬಂದು ನಿಲ್ಲುತ್ತದೆ. ಕನ್ನಡ ಓದುವ ಒಬ್ಬರು ಆ ಮೇಜಿನ ಬಳಿ ಕೂತಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದ ತಪ್ಪು ಇದು.

ಅಂಥವರು ಕೂತ ಕಡೆ ಕೆಲಸ ಹೇಗಾಗಿದೆ ಎಂಬುದಕ್ಕೂ ಉದಾಹರಣೆಗಳಿವೆ. ವಿಂಡೋಸ್ ಎಕ್ಸ್‌ಪಿಯ ಜೊತೆ ಬಂದ 'ತುಂಗಾ' ಕನ್ನಡ ಅಕ್ಷರ ಮಾದರಿ ಹಲವರಿಗೆ ನೆನಪಿರಬಹುದು. ಅದರ ವಿನ್ಯಾಸವನ್ನು ಮುನ್ನಡೆಸಿದವರು ಮರಾಠಿಗರಾದ ರಘುನಾಥ ಜೋಶಿ. ಕವಿ, ಸುಂದರ ಬರಹದ ಕಲಾವಿದ, ಮುಂಬೈ ಐಐಟಿಯ ವಿನ್ಯಾಸ ಕೇಂದ್ರದಲ್ಲಿ ಕಲಿಸಿದವರು. ಅಕ್ಷರದ ಮೇಲಿನ ಪ್ರೀತಿಗೆ ಗಡಿ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನೊಬ್ಬರು ಕಿನ್ನಿಕಂಬಳ ಪದ್ಮನಾಭ ರಾವ್, ನಮಗೆಲ್ಲ ಗೊತ್ತಿರುವ ಕೆ.ಪಿ. ರಾವ್. ಕನ್ನಡ ಟೈಪ್ ಮಾಡಲು ಅವರು ರೂಪಿಸಿದ ಕೀಲಿಮಣೆಯಲ್ಲಿ ಇಂಗ್ಲಿಷ್ ಕೆ ಒತ್ತಿದರೆ ಕ, ಅದರ ಮುಂದೆ ಐ ಒತ್ತಿದರೆ ಕಿ. ಬಾಯಿ ಉಚ್ಚರಿಸಿದಂತೆ ಬೆರಳು ಓಡುತ್ತದೆ. ಕರ್ನಾಟಕ ಸರ್ಕಾರ ಒಪ್ಪಿಕೊಂಡದ್ದೂ 'ನುಡಿ' ತಂತ್ರಾಂಶದಲ್ಲಿ ಬಳಕೆಯಾದದ್ದೂ ಇದೇ ವಿನ್ಯಾಸ. ಯುಎಕ್ಸ್ ಎಂಬ ಹೆಸರು ಇಲ್ಲಿ ಯಾರ ಬಾಯಲ್ಲೂ ಇಲ್ಲದಾಗಲೇ ಆದ ಯುಎಕ್ಸ್ ಕೆಲಸ!

ಶುರು ಮಾಡುವುದು ಹೇಗೆ?

ಕಸೂತಿ, ರಂಗೋಲಿ, ಬೋರ್ಡ್ ಬರಹ, ಮದುವೆ ಪತ್ರಿಕೆಯ ಅಲಂಕಾರ, ಯಾವ ಹವ್ಯಾಸವಿದ್ದರೂ ಸರಿ. ಮೊದಲ ಹೆಜ್ಜೆಗೆ ದುಡ್ಡು ಬೇಡ.

ನಿಮ್ಮ ಮನೆಯವರು ಎಡವುವ ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ಲೈಟ್ ಬಿಲ್ ಕಟ್ಟುವುದೋ, ಬಸ್ಸಿನ ಸೀಟು ಹಿಡಿಯುವುದೋ, ಬೆಳೆ ವಿಮೆಯ ಅರ್ಜಿಯೋ. ಓಣಿಯ ಐದು ಮಂದಿಯನ್ನು ಕೂರಿಸಿ, ಅದನ್ನು ಮಾಡಲು ಹೇಳಿ. ನೀವು ಬಾಯಿ ಬಿಡಬಾರದು, ಬೆರಳು ತೋರಿಸಬಾರದು. ಇದೇ ಎಲ್ಲಕ್ಕಿಂತ ಕಠಿಣ! ಎಲ್ಲಿ ಬೆರಳು ನಿಂತಿತು, ಎಲ್ಲಿ ತಪ್ಪಾಯಿತು, ಏನು ಗೊಣಗಿದರು, ಎಲ್ಲ ಬರೆದುಕೊಳ್ಳಿ. ಐದೇ ಮಂದಿ ಸಾಕೆ? ಒಂದು ಸುತ್ತಿಗೆ ಸಾಕು ಎಂದು ಈ ವಿದ್ಯೆಯ ಹಿರಿಯರಾದ ಜಾಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ದೊಡ್ಡ ತಪ್ಪುಗಳು ಅಷ್ಟರಲ್ಲೇ ಹೊರಬೀಳುತ್ತವೆ. ಸರಿಮಾಡಿ ಮತ್ತೆ ಐದು ಮಂದಿಗೆ ತೋರಿಸಬೇಕು.

ಆಮೇಲೆ ಫೋನಿನ ಅಳತೆಗೆ ಕಾಗದ ಕತ್ತರಿಸಿ ಪರದೆಗಳನ್ನು ಪೆನ್ಸಿಲಿನಲ್ಲಿ ಬಿಡಿಸಿ. ಒಂದರ ಮೇಲೆ ಒತ್ತಿದರೆ ಇನ್ನೊಂದು ಕಾಗದ ಮುಂದಿಡಿ. ಕಂಪ್ಯೂಟರ್ ಇಲ್ಲದೆಯೇ ಪರೀಕ್ಷೆ ಆಯಿತು. ಇಲ್ಲಿ ಹವ್ಯಾಸಿಗೆ ಒಂದು ನೋವು ಕಾದಿದೆ. ರಾತ್ರಿಯೆಲ್ಲ ಕೂತು ಬಿಡಿಸಿದ ಚಂದದ ಚಿತ್ರವೇ ಎಲ್ಲರನ್ನೂ ಎಡವಿಸುತ್ತದೆ. ಆಗ ಅದನ್ನು ಅಳಿಸಬೇಕು. ಎಣಿಕೆ ಒಂದು ಎಳೆ ತಪ್ಪಿದ್ದಕ್ಕೆ ಗೇಣುದ್ದ ಕಸೂತಿ ಬಿಚ್ಚಿದವರಿಗೆ ಈ ನೋವು ಹೊಸದಲ್ಲ. ನನಗೆ ಚಂದ ಕಂಡದ್ದನ್ನು ಬಿಟ್ಟು ಅವರಿಗೆ ಸುಲಭವಾದದ್ದನ್ನು ಹಿಡಿಯುವುದು, ಹವ್ಯಾಸದಿಂದ ಈ ವೃತ್ತಿಗೆ ದಾಟುವ ಹೊಳೆ ಇದೊಂದೇ.

ಕಾಗದ ಗಟ್ಟಿಯಾದ ಮೇಲೆ ಫಿಗ್ಮಾ, ಪೆನ್‌ಪಾಟ್‌ನಂಥ ತಂತ್ರಾಂಶಗಳಿವೆ. ಶುರುವಿನವರಿಗೆ ಎರಡೂ ಪುಕ್ಕಟೆ ಸಿಗುತ್ತವೆ. ಮೊದಲು ಹೇಗಿತ್ತು, ಯಾರು ಎಲ್ಲಿ ಎಡವಿದರು, ಏನು ಬದಲಿಸಿದೆ, ಆಮೇಲೆ ಏನಾಯಿತು ಎಂಬ ನಾಲ್ಕು ಮಾತನ್ನು ಚಿತ್ರಸಹಿತ ಜೋಡಿಸಿ ಇಡಿ. ಕೆಲಸ ಕೇಳಲು ಹೋದಾಗ ಸರ್ಟಿಫಿಕೇಟಿನ ಜೊತೆಗೆ ಇದನ್ನೂ ಕೇಳುತ್ತಾರೆ.

ಕ್ರಮವಾಗಿ ಓದಬೇಕೆನ್ನುವವರಿಗೆ ದಾರಿ ಇದೆ. ಸೊಲ್ಲಾಪುರದಿಂದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಮುಂಬೈ. ಅಲ್ಲಿನ ಐಐಟಿಯ ವಿನ್ಯಾಸ ಕೇಂದ್ರ 1969ರಿಂದ ನಡೆದಿದೆ. 2010ರಲ್ಲಿ ಆಯ್ಕೆಯಾದ ನಮ್ಮ ರೂಪಾಯಿ ಚಿಹ್ನೆಯನ್ನು ರೂಪಿಸಿದ ಉದಯಕುಮಾರ್ ಅವರು ಅಲ್ಲೇ ಓದಿದವರು. ಹನ್ನೆರಡನೆಯ ಇಯತ್ತೆ ಆದವರಿಗೆ 'ಯುಸೀಡ್' ಎಂಬ ಪ್ರವೇಶ ಪರೀಕ್ಷೆ. ವಿಜ್ಞಾನವೇ ಆಗಬೇಕೆಂದಿಲ್ಲ, ಕಲೆ, ವಾಣಿಜ್ಯ ಓದಿದವರೂ ಬರೆಯಬಹುದು. ಪದವಿ ಮುಗಿಸಿದವರಿಗೆ 'ಸೀಡ್'. ಇದಕ್ಕೆ ವಯಸ್ಸಿನ ಮಿತಿಯಿಲ್ಲ ಎಂಬುದನ್ನು ಮದುವೆಯಾಗಿ ಮನೆಯಲ್ಲಿರುವ ಅಕ್ಕಂದಿರು ಗಮನಿಸಬೇಕು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬೆಂಗಳೂರಿನಲ್ಲೂ ಕೇಂದ್ರವಿದೆ; ಅದರ ಪರೀಕ್ಷೆ ಬೇರೆ.

ಎಚ್ಚರಿಕೆಯ ಮಾತೂ ಇರಲಿ. ಮೂರು ತಿಂಗಳಲ್ಲಿ ಯುಎಕ್ಸ್ ಕಲಿಸಿ ಕೆಲಸ ಕೊಡಿಸುತ್ತೇವೆ ಎಂದು ಲಕ್ಷ ಕೇಳುವವರಿದ್ದಾರೆ. ಸಾಲ ಮಾಡಿ ಕಟ್ಟುವ ಮೊದಲು ಅಲ್ಲಿ ಕಲಿತ ಇಬ್ಬರನ್ನಾದರೂ ಮಾತಾಡಿಸಿ. ಈಗಂತೂ ಚಂದದ ಪರದೆಯನ್ನು ಕೃತಕ ಬುದ್ಧಿಮತ್ತೆಯೂ ಒಂದು ನಿಮಿಷದಲ್ಲಿ ಬಿಡಿಸಿ ಕೊಡುತ್ತದೆ. ಹಾಗಾಗಿ ಬರೀ ಚಂದ ಬಿಡಿಸುವವರಿಗೆ ದಾರಿ ಇಕ್ಕಟ್ಟಾಗಿದೆ. ಆದರೆ ಅಕ್ಕಲಕೋಟದ ಆಯಿ ಫೋನು ಹಿಡಿದು ಯಾವ ಗುಂಡಿಯ ಹತ್ತಿರ ತಡವರಿಸುತ್ತಾಳೆ ಎಂಬುದು ಅವಳ ಪಕ್ಕ ಕೂತವರಿಗೇ ಗೊತ್ತು.

ಆ ಜಾಗ ನಮ್ಮದು

ನಮ್ಮೂರಿನ ಜಯದೇವಿತಾಯಿ ಲಿಗಾಡೆಯವರು ಮರಾಠಿ ಓದಿ ಬೆಳೆದವರು. ಆಮೇಲೆ ಕನ್ನಡ ಕಲಿತು, ಕನ್ನಡದಲ್ಲೇ ಕಾವ್ಯ ಬರೆದು, 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಎರಡು ಭಾಷೆಯ ನಡುವೆ ಬೆಳೆಯುವುದನ್ನು ನಾವು ಕೊರತೆ ಎಂದೇ ಎಣಿಸುತ್ತ ಬಂದಿದ್ದೇವೆ. ಈ ಕೆಲಸದಲ್ಲಿ ಅದು ಬಂಡವಾಳ. ಒಂದು ಪದ ಈ ಮನೆಯಲ್ಲಿ ಏನು, ಆ ಮನೆಯಲ್ಲಿ ಏನು ಎಂದು ಬೆಂಗಳೂರಿನಲ್ಲಿ ಕೂತವರಿಗೂ ಗೊತ್ತಾಗದು, ಪುಣೆಯಲ್ಲಿ ಕೂತವರಿಗೂ ಗೊತ್ತಾಗದು. ಗಡಿಯ ಮಕ್ಕಳಿಗೆ ಅದು ತೊಟ್ಟಿಲಲ್ಲೇ ಗೊತ್ತು.

ಮುಂದಿನ ಸಲ ಮನೆಯ ಹುಡುಗಿ ಸೂಜಿ ದಾರ ಹಿಡಿದು ಎಳೆ ಎಣಿಸುತ್ತ ಕೂತರೆ ಬೈಯಬೇಡಿ. ಒಂದು ಚೌಕಳಿ ಪುಸ್ತಕ ತಂದುಕೊಡಿ. ಸಂಜೆ ಆಯಿಯ ಪಕ್ಕ ಕೂರಿಸಿ, ಆಯಿಯ ಕೈಗೆ ಫೋನು ಕೊಟ್ಟು ಸುಮ್ಮನೆ ನೋಡಲು ಹೇಳಿ. ಆಯಿ "ಇದನ್ನ ಎಲ್ಲಿ ಒತ್ತಬೇಕವಾ?" ಎಂದು ಕೇಳಿದ ಕಡೆಗೆಲ್ಲ ಒಂದು ಗುರುತು ಹಾಕಿಕೊಳ್ಳಲಿ. ಪಾಠ ಅಲ್ಲಿಂದಲೇ ಶುರು.